ಅಪ್ಪನ ನೆನಪಿನ ಪುಸ್ತಕ: ಎಲ್ಲಿ ಹುಡುಕಬೇಕು, ಏನು ಬರೆಯಬೇಕು

ಮನೆಯ ಹಿರಿಯರು ತೀರಿಕೊಂಡ ಮೇಲೆ ವರ್ಷಾಂತಿಕಕ್ಕೋ ಪುಣ್ಯಸ್ಮರಣೆಗೋ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಬಂಧುಬಳಗಕ್ಕೆ ಹಂಚುವುದು ಈಗ ಎಷ್ಟೋ ಮನೆಗಳಲ್ಲಿ ರೂಢಿಯಾಗಿದೆ. ಒಳ್ಳೆಯ ರೂಢಿ. ಆದರೆ ಅಂಥ ಪುಸ್ತಕ ತೆರೆದರೆ ಬಹಳ ಸಲ ಆ ಮನುಷ್ಯನೇ ಅಲ್ಲಿ ಸಿಗುವುದಿಲ್ಲ. ಸರಳಜೀವಿ, ಸ್ನೇಹಪರರು, ಶಿಸ್ತಿನ ಸಿಪಾಯಿ, ತುಂಬು ಜೀವನ ನಡೆಸಿದರು ಎಂಬ ಮಾತುಗಳಿರುತ್ತವೆ. ಫೋಟೊ ಬದಲಿಸಿದರೆ ಪಕ್ಕದ ಬೀದಿಯವರ ಅಪ್ಪನಿಗೂ ಅದೇ ಪುಟ ಸಲ್ಲುತ್ತದೆ. ಮುಂದೊಂದು ದಿನ ಮೊಮ್ಮಗಳ ಮಗ ಆ ಪುಸ್ತಕ ಕೈಗೆತ್ತಿಕೊಂಡರೆ ಅವನಿಗೆ ಬೇಕಾಗುವುದೇ ಬೇರೆ. ಅವರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರು, ಯಾವ ಶಾಲೆಯಲ್ಲಿ ಓದಿದರು, ಯಾವ ಹೊಲದಲ್ಲಿ ಏನು ಬಿತ್ತಿದರು, ಸಿಟ್ಟು ಬಂದರೆ ಏನೆಂದು ಬೈಯುತ್ತಿದ್ದರು?

ಇವೆಲ್ಲ ಸಿಗುತ್ತವೆ. ಕೆಲವು ಮನೆಯ ಟ್ರಂಕಿನಲ್ಲಿ, ಕೆಲವು ತಾಲ್ಲೂಕು ಕಚೇರಿಯ ಕಪಾಟಿನಲ್ಲಿ, ಹೆಚ್ಚಿನವು ಬದುಕಿರುವವರ ನೆನಪಿನಲ್ಲಿ. ಹುಡುಕುವುದನ್ನು ಮೊದಲ ವರ್ಷದಲ್ಲೇ ಮಾಡಬೇಕು. ಟ್ರಂಕು ಖಾಲಿಯಾಗುವುದು, ಹಳೆಯ ಕಾಗದ ರದ್ದಿಗೆ ಹೋಗುವುದು, ಫೋನು ಇನ್ನೊಬ್ಬರ ಕೈ ಸೇರುವುದು ಎಲ್ಲವೂ ಆ ವರ್ಷದಲ್ಲೇ ನಡೆಯುತ್ತದೆ.

ಮೊದಲು ಫೋನು

ಅಪ್ಪನ ಮೊಬೈಲನ್ನು ಯಾರಿಗೂ ಕೊಡಬೇಡಿ, ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜಿಗೆ ಹಾಕಬೇಡಿ. ಅವರ ದನಿ ಇರುವುದು ಅದರಲ್ಲಿ. ಆಂಡ್ರಾಯ್ಡ್ ಫೋನಾದರೆ ಫೈಲುಗಳ ಆ್ಯಪ್ ತೆರೆದು ‘ಆಂಡ್ರಾಯ್ಡ್’ ಫೋಲ್ಡರಿನೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸಾಪಿನ ಫೋಲ್ಡರ್ ಹುಡುಕಿದರೆ ‘ವಾಯ್ಸ್ ನೋಟ್ಸ್’ ಎಂಬುದು ಸಿಗುತ್ತದೆ. ಕಳಿಸಿದ ಮತ್ತು ಬಂದ ಧ್ವನಿ ಸಂದೇಶಗಳೆಲ್ಲ ಅಲ್ಲಿ ವಾರವಾರದ ಫೋಲ್ಡರುಗಳಲ್ಲಿರುತ್ತವೆ. ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಇರುತ್ತದೆ. ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿ, ಆಮೇಲೆ ಒಂದೊಂದಾಗಿ ಕೇಳಿ. ‘ಬಸ್ಸು ಹತ್ತಿದ್ಯಾ? ಇಳಿದ ಮೇಲೆ ಫೋನ್ ಮಾಡು’ ಎಂಬ ಆರು ಸೆಕೆಂಡಿನ ಮಾತಿಗೆ ನಾಳೆ ಬೆಲೆ ಕಟ್ಟಲಾಗುವುದಿಲ್ಲ.

ಇದಕ್ಕೆ ಗಡುವೂ ಇದೆ. ಬಳಕೆಯಿಲ್ಲದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಯುತ್ತದೆ. ರೀಚಾರ್ಜ್ ನಿಂತ ಸಿಮ್ ಕೆಲವೇ ತಿಂಗಳಲ್ಲಿ ರದ್ದಾಗಿ ಆ ನಂಬರು ಬೇರೆಯವರ ಪಾಲಾಗುತ್ತದೆ. ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನು ಅದರೊಳಗಿನ ಫೋಟೊಗಳ ಸಮೇತ ಕಂಪನಿ ಅಳಿಸಬಹುದು. ಹಾಗಾಗಿ ನಕಲು ತೆಗೆದು ಮುಗಿಯುವ ತನಕ ಸಣ್ಣ ರೀಚಾರ್ಜ್ ಹಾಕಿಸುತ್ತ ಸಿಮ್ ಜೀವಂತವಾಗಿಡಿ. ಫೋನಿನ ಲಾಕ್ ಗೊತ್ತಿಲ್ಲದಿದ್ದರೆ ಊಹಿಸಿ ಊಹಿಸಿ ಒತ್ತಬೇಡಿ. ಕೆಲವು ಫೋನುಗಳು ಹಲವು ತಪ್ಪಾದ ಮೇಲೆ ಪೂರ್ತಿ ಅಳಿಸಿಕೊಳ್ಳುತ್ತವೆ. ಅಂಥ ಹೊತ್ತಿನಲ್ಲಿ ಅವರು ಯಾರಿಗೆ ಸಂದೇಶ ಕಳಿಸುತ್ತಿದ್ದರೋ ಅವರ ಫೋನುಗಳಿಂದ ಸಂಗ್ರಹಿಸುವುದೇ ದಾರಿ. ತಂಗಿ, ಸೊಸೆ, ದೂರದ ಮೊಮ್ಮಗ, ವಾಕಿಂಗ್ ಗೆಳೆಯರ ಗುಂಪು, ಎಲ್ಲರನ್ನೂ ಕೇಳಿ. ಕಳಿಸುವವರು ‘ಡಾಕ್ಯುಮೆಂಟ್’ ಆಗಿಯೇ ಕಳಿಸಲಿ. ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಹೋಗುತ್ತದೆ.

ಅಜ್ಜನ ಕಾಲದ್ದಾದರೆ ಕ್ಯಾಸೆಟ್ಟು. ಮದುವೆಯಲ್ಲಿ, ಭಜನೆಯಲ್ಲಿ, ದುಬೈಗೋ ಅಮೆರಿಕಕ್ಕೋ ಕಳಿಸಲು ಮಾತಾಡಿ ತುಂಬಿಸಿದ ಕ್ಯಾಸೆಟ್ಟುಗಳು ಅಟ್ಟದಲ್ಲಿ ಬಿದ್ದಿರುತ್ತವೆ. ಸಿ-60 ಎಂದರೆ ಬದಿಗೆ 30 ನಿಮಿಷ, ಸಿ-90 ಎಂದರೆ 45. ಸಿಕ್ಕ ಕೂಡಲೇ ಹಳೆಯ ಟೇಪ್ ರೆಕಾರ್ಡರಿಗೆ ತುರುಕಬೇಡಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಓಡಿಸಿದರೆ ಟೇಪು ಅಂಟಿ ಹರಿಯುತ್ತದೆ, ಯಂತ್ರಕ್ಕೂ ಬೂಷ್ಟು ಹತ್ತುತ್ತದೆ. ಅದನ್ನು ಬಲ್ಲವರ ಕೈಗೇ ಕೊಡಬೇಕು. ಟೇಪಿನ ಹಿಂದೆ ಒಂದು ಪುಟ್ಟ ಮೆತ್ತನೆಯ ಪ್ಯಾಡ್ ಇರುತ್ತದೆ, ಅದು ಉದುರಿದ್ದರೆ ದನಿ ಮಂದವಾಗಿ ಕೇಳುತ್ತದೆ. ಹಾಡಿನ ಹಳೆಯ ಕ್ಯಾಸೆಟ್ಟಿನಿಂದ ಪ್ಯಾಡ್ ತೆಗೆದು ಹಾಕಬಹುದು. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಟೇಪನ್ನು ಒಮ್ಮೆ ಆ ತುದಿಗೂ ಒಮ್ಮೆ ಈ ತುದಿಗೂ ಸುತ್ತಿಸಿ, ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು ವೇವ್ ಫೈಲಾಗಿ ದಾಖಲಿಸಿ. ಎಂಪಿ3 ಹಂಚುವುದಕ್ಕೆ ಮಾತ್ರ. ಮೊದಲ ಓಟದಲ್ಲೇ ರೆಕಾರ್ಡ್ ಆಗುತ್ತಿರಲಿ, ಎರಡನೆಯ ಓಟಕ್ಕೆ ಟೇಪು ಉಳಿಯುತ್ತದೆಂಬ ಭರವಸೆಯಿಲ್ಲ.

ಟಾರ್ಚು, ಟ್ರಾನ್ಸಿಸ್ಟರು, ಗೋಡೆ ಗಡಿಯಾರಗಳ ಸೆಲ್ಲುಗಳನ್ನು ಇದೇ ದಿನ ತೆಗೆದುಬಿಡಿ. ಒಳಗೇ ಉಳಿದ ಸೆಲ್ಲು ಸೋರಿ ಅವರು ದಿನವೂ ಮುಟ್ಟುತ್ತಿದ್ದ ವಸ್ತುವನ್ನು ತಿಂದುಹಾಕುತ್ತದೆ.

ಕಾಗದಗಳು

ಹುಟ್ಟಿದ ದಿನದಿಂದಲೇ ತೊಡಕು ಶುರು. 1940, 50ರ ದಶಕದಲ್ಲಿ ಹುಟ್ಟಿದವರ ಶಾಲಾ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಹೆಚ್ಚಾಗಿ ಮೇಷ್ಟ್ರು ಬರೆದ ದಿನಾಂಕ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗಲೆಂದು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿ, ಅಂದಾಜಿನಲ್ಲಿ ಹಾಕಿದ್ದು. ಆಧಾರ್, ಪಿಂಚಣಿ, ಮರಣ ಪ್ರಮಾಣಪತ್ರ ಎಲ್ಲದಕ್ಕೂ ಅದೇ ದಿನಾಂಕ ಹರಿದು ಬಂದಿರುತ್ತದೆ. ಪುಸ್ತಕದಲ್ಲಿ ಎರಡನ್ನೂ ಬರೆಯಬೇಕೆಂಬುದು ನನ್ನ ಅಭಿಪ್ರಾಯ: ‘ದಾಖಲೆಯಲ್ಲಿ ಇಂಥ ದಿನ, ಜಾತಕದ ಪ್ರಕಾರ ಇಂಥ ದಿನ.’ ಒಂದನ್ನು ಬಿಟ್ಟರೆ ಮುಂದೆ ಕಾಗದ ನೋಡಿದವರು ಪುಸ್ತಕವೇ ತಪ್ಪೆಂದುಕೊಳ್ಳುತ್ತಾರೆ.

ಜಾತಕ ಸಿಕ್ಕರೆ ಅದರಿಂದ ಇಂಗ್ಲಿಷ್ ದಿನಾಂಕ ತೆಗೆಯುವುದು ಕಷ್ಟವಲ್ಲ, ಆದರೆ ಮೂರು ಕಡೆ ಎಡವುತ್ತಾರೆ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಶುರುವಾಯಿತು, ಮತ್ತೆ 1987ಕ್ಕೆ ಬಂತು. 1927ರಿಂದ ಎಣಿಸುತ್ತ ಬಂದರೆ ಹದಿನಾರನೆಯದಾದ ಚಿತ್ರಭಾನು 1942ರ ಯುಗಾದಿಯಿಂದ 1943ರ ಯುಗಾದಿಯವರೆಗೆ. ಈಗ ಜಾತಕದಲ್ಲಿ ‘ಚಿತ್ರಭಾನು ಸಂವತ್ಸರ, ಮಾಘ ಬಹುಳ ಪಂಚಮಿ’ ಎಂದಿದೆ ಅನ್ನಿ. ಮಾಘ ಬರುವುದು ಜನವರಿ ಫೆಬ್ರವರಿಯಲ್ಲಿ, ಹಾಗಾಗಿ ವರ್ಷ 1943. ಇದನ್ನು 1942 ಎಂದು ಬರೆಯುವುದು ಮೊದಲ ತಪ್ಪು. ಎರಡನೆಯದು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಮುತ್ತಜ್ಜನ ಜಾತಕವನ್ನು ಅಜ್ಜನದೆಂದು ಓದುವುದು, 1882ರಲ್ಲೂ ಚಿತ್ರಭಾನುವೇ. ಶಾಲಿವಾಹನ ಶಕ ಬರೆದಿದ್ದರೆ ಅದಕ್ಕೆ 78 ಕೂಡಿಸಿ, ಆ ಸಂವತ್ಸರ ಶುರುವಾದ ಯುಗಾದಿಯ ವರ್ಷ ಬರುತ್ತದೆ, ತಾಳೆ ನೋಡಿ. ಮೂರನೆಯದು ರಾತ್ರಿಯ ಹುಟ್ಟು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಂಗಳವಾರ ಎಂದು ಬರೆದಿದ್ದು ಘಟಿ 52 ಎಂದಿದ್ದರೆ, ಒಂದು ಘಟಿಗೆ 24 ನಿಮಿಷದಂತೆ, ಸೂರ್ಯ ಹುಟ್ಟಿ ಸುಮಾರು 20 ಗಂಟೆ 48 ನಿಮಿಷವಾಗಿದೆ. ಅಂದರೆ ನಡುರಾತ್ರಿ ದಾಟಿ ಮೂರರ ಸುಮಾರು. ಕ್ಯಾಲೆಂಡರಿನಲ್ಲಿ ಅದು ಬುಧವಾರ. ಜಾತಕದಲ್ಲಿ ವಾರ ಬರೆದೇ ಇರುತ್ತದೆ, ಹಾಗಾಗಿ ಲೆಕ್ಕ ಸರಿಯಾಯಿತೋ ಇಲ್ಲವೋ ಎಂದು ವಾರದಿಂದಲೇ ಪರೀಕ್ಷಿಸಬಹುದು. ತುಳುನಾಡಿನ ಮನೆಗಳಲ್ಲಿ ಪಗ್ಗು, ಬೇಶ, ಕಾರ್ತೆಲ್, ಆಟಿ ಎಂದು ಸೌರಮಾನದ ತಿಂಗಳು ಹೇಳುತ್ತಾರೆ. ಅಲ್ಲಿ ವರ್ಷ ಶುರುವಾಗುವುದು ಏಪ್ರಿಲ್ ನಡುವಿನ ಬಿಸುವಿಗೆ.

ಜಾತಕವೇ ಇಲ್ಲದ ಮನೆಗಳು ಹೆಚ್ಚು. ಅಲ್ಲಿ ಘಟನೆಗಳೇ ಕ್ಯಾಲೆಂಡರು. ‘ಗಾಂಧೀಜಿ ಸತ್ತಾಗ ತೊಟ್ಟಿಲಲ್ಲಿದ್ದ’ ಎಂದರೆ 1948ರ ಜನವರಿಗೆ ಹತ್ತಿರ. ಕಲಬುರಗಿ, ರಾಯಚೂರು ಕಡೆ ‘ರಜಾಕಾರರ ಗಲಾಟೆಯಾಗ’ ಎಂದರೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮುಂಚೆ. ಸಾಗರ, ಹೊಸನಗರದವರಿಗೆ 1964ರ ಲಿಂಗನಮಕ್ಕಿ ಅಣೆಕಟ್ಟು ಒಂದು ಗೆರೆ. ‘ಮುಳುಗಡೆಗೆ ಮುಂಚೆ, ಮುಳುಗಡೆಯ ನಂತರ’ ಎಂದೇ ಅವರ ಲೆಕ್ಕ. ಬಯಲುಸೀಮೆಯವರಿಗೆ 1972ರ ಬರ. ಹೀಗೆ ಕೇಳಿ ಎರಡು ಮೂರು ಘಟನೆ ಜೋಡಿಸಿದರೆ ಒಂದೆರಡು ವರ್ಷದ ಆಚೀಚೆಗೆ ಬಂದು ನಿಲ್ಲಬಹುದು. ಆಗ ‘ಸುಮಾರು 1946’ ಎಂದೇ ಬರೆಯಿರಿ. ಸುಳ್ಳು ನಿಖರತೆಗಿಂತ ‘ಸುಮಾರು’ ಎಂಬ ಪದ ಹೆಚ್ಚು ಗೌರವದ್ದು.

ಓದಿದ ಶಾಲೆಯ ದಾಖಲಾತಿ ರಿಜಿಸ್ಟರು ಶಾಶ್ವತವಾಗಿ ಕಾಯ್ದಿಡುವ ದಾಖಲೆ. ಸೇರಿದ ದಿನ, ತಂದೆಯ ಹೆಸರು, ಶಾಲೆ ಬಿಟ್ಟ ದಿನ ಅದರಲ್ಲಿರುತ್ತವೆ. ಕೆಲವದರಲ್ಲಿ ಬಿಟ್ಟ ಕಾರಣವೂ ಉಂಟು. ನಾಲ್ಕನೇ ಇಯತ್ತೆಗೆ ಬಿಟ್ಟವರ ಹೆಸರಿನ ಮುಂದೆ ‘ಬಡತನ’ ಎಂಬ ಒಂದು ಪದ ಇದ್ದರೆ ಅದು ಎಷ್ಟೋ ಪುಟಗಳ ಕೆಲಸ ಮಾಡುತ್ತದೆ. ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ, ಜೊತೆಗೆ ಮರಣ ಪ್ರಮಾಣಪತ್ರದ ನಕಲು ಕೊಟ್ಟು ಕೇಳಿ; ಮಾರ್ಚ್ ಪರೀಕ್ಷೆ, ಜೂನ್ ದಾಖಲಾತಿಯ ಗಡಿಬಿಡಿಯಲ್ಲಿ ಹೋಗಬೇಡಿ. ಹಳೆಯ ಶಾಲೆ ಒಡೆದು ಎರಡಾಗಿದ್ದರೆ ರಿಜಿಸ್ಟರು ಮೂಲ ಕಟ್ಟಡದಲ್ಲೇ ಉಳಿದಿರುವ ಸಂಭವ ಹೆಚ್ಚು.

ಸರ್ಕಾರಿ ನೌಕರರಾಗಿದ್ದರೆ ಸೇವಾ ಪುಸ್ತಕ, ಅಂದರೆ ಎಲ್ಲರೂ ಎಸ್‌ಆರ್ ಎನ್ನುವುದು, ಚಿನ್ನದ ಗಣಿ. ಸೇರಿದ ದಿನ, ಆಗಿನ ಸಂಬಳ, ವರ್ಗಾವಣೆಯಾದ ಊರುಗಳು, ತೆಗೆದುಕೊಂಡ ರಜೆ, ಎತ್ತರ, ಬೆರಳಚ್ಚು, ಗುರುತಿನ ಚಿಹ್ನೆ. ‘ಎಡ ಹುಬ್ಬಿನ ಮೇಲೆ ಗಾಯದ ಕಲೆ’ ಎಂದು ಯಾರೋ ಗುಮಾಸ್ತರು ಬರೆದದ್ದನ್ನು ಓದಿದಾಗ ಆ ಗಾಯ ಹೇಗಾಯಿತೆಂದು ಅತ್ತೆಯನ್ನು ಕೇಳುವ ಪ್ರಶ್ನೆ ಹುಟ್ಟುತ್ತದೆ. ವರ್ಗಾವಣೆಗಳನ್ನು ಮಕ್ಕಳ ಹುಟ್ಟಿನ ಜೊತೆ ಒಂದೇ ಪಟ್ಟಿಯಲ್ಲಿ ಬರೆದು ನೋಡಿ. ಯಾವ ಮಗು ಯಾವ ಊರಿನದು, ಯಾವ ವರ್ಷ ಅಮ್ಮ ಮಕ್ಕಳೊಂದಿಗೆ ಒಬ್ಬಳೇ ಇದ್ದಳು ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ರೈತಾಪಿ ಮನೆಯಾದರೆ ಪಹಣಿ. ಈಗಿನ ಕಂಪ್ಯೂಟರ್ ಪಹಣಿ ಸಾಲದು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಹಳೆಯ ಪಹಣಿಯ ನಕಲು ಕೇಳಬೇಕು. ಸರ್ವೆ ನಂಬರು ಗೊತ್ತಿರಬೇಕು. ಒಂಬತ್ತನೇ ಕಲಮಿನಲ್ಲಿ ಕಬ್ಜೆದಾರರ ಹೆಸರು ‘ಇಂಥವರು ಬಿನ್ ಇಂಥವರು’ ಎಂದಿರುತ್ತದೆ. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ಈ ಬಿನ್‌ಗಳನ್ನೇ ಹಿಡಿದು ಹಿಂದೆ ಹೋದರೆ ಅಜ್ಜನ ಅಜ್ಜನ ಹೆಸರು ಸಿಗುವುದುಂಟು. ಹನ್ನೆರಡನೇ ಕಲಮಿನಲ್ಲಿ ಸಾಗುವಳಿ ಮಾಡಿದವರು ಯಾರು, ಯಾವ ಬೆಳೆ, ಎಷ್ಟು ಗುಂಟೆ ಎಂದು ವರ್ಷವರ್ಷಕ್ಕೂ ಬರೆದಿರುತ್ತಾರೆ. ಅಜ್ಜ ರಾಗಿ ಬಿಟ್ಟು ಹಿಪ್ಪುನೇರಳೆ ಹಾಕಿದ್ದು ಯಾವಾಗ, ತೆಂಗು ಮೊದಲು ಕಾಣಿಸಿದ್ದು ಯಾವಾಗ ಎಂಬುದಕ್ಕೆ ಇದು ಸಾಕ್ಷಿ. ಶ್ಯಾನುಭೋಗರು ಹಿಂದಿನ ವರ್ಷದ್ದನ್ನೇ ಇಳಿಸಿಬಿಟ್ಟಿರುವುದೂ ಇದೆ, ಹಾಗಾಗಿ ಬೆಳೆ ಬದಲಾದ ವರ್ಷವನ್ನು ಮಾತ್ರ ನಂಬಿ.

ಗೇಣಿದಾರರ ಮನೆಗಳಲ್ಲಿ ಇನ್ನೊಂದು ಕಡತ ಹುಡುಕಲೇಬೇಕು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಉಳುವವರು ಫಾರಂ 7ರಲ್ಲಿ ಅರ್ಜಿ ಹಾಕಿದರು. ಊರಲ್ಲಿ ಅದನ್ನು ಇಂದಿಗೂ ‘ಡಿಕ್ಲರೇಷನ್’ ಎನ್ನುತ್ತಾರೆ. ಭೂ ನ್ಯಾಯಮಂಡಳಿಯ ಕಡತದಲ್ಲಿ ಅಜ್ಜ ಕೊಟ್ಟ ಹೇಳಿಕೆ ಸಿಗಬಹುದು: ಎಷ್ಟು ವರ್ಷದಿಂದ ಉಳುತ್ತಿದ್ದೇನೆ, ಎಷ್ಟು ಗೇಣಿ ಕೊಡುತ್ತಿದ್ದೆ, ರಸೀದಿ ಕೊಡುತ್ತಿದ್ದರೋ ಇಲ್ಲವೋ. ಕೆಳಗೆ ಹೆಬ್ಬೆಟ್ಟು. ಓದುಬರಹ ಕಲಿಯದ ಅಜ್ಜನ ಮಾತು ಕಾಗದದ ಮೇಲೆ ಉಳಿದಿರುವ ಒಂದೇ ಜಾಗ ಅದಾಗಿರಬಹುದು. ಅದನ್ನು ಪುಸ್ತಕದಲ್ಲಿ ಇಡಿಯಾಗಿ ಅಚ್ಚು ಹಾಕಿಸಿ, ಸರ್ವೆ ನಂಬರು ಮಾತ್ರ ಮರೆಮಾಡಿ.

1956ರ ನವೆಂಬರ್ 1ಕ್ಕೆ ಹಿಂದಿನ ಕಾಗದ ಹುಡುಕುವವರು ಆಗ ಊರು ಯಾವ ಸೀಮೆಯಲ್ಲಿತ್ತು ಎಂದು ಮೊದಲು ತಿಳಿದಿರಬೇಕು. ಬೀದರ್, ಕಲಬುರಗಿ, ರಾಯಚೂರಿನ ಕಂದಾಯ ಕಾಗದ ಉರ್ದುವಿನಲ್ಲಿ, ವರ್ಷ ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ. ಬೆಳಗಾವಿ, ವಿಜಯಪುರದ ಕಡೆ ಮರಾಠಿ, ಇನ್ನೂ ಹಿಂದಿನದಾದರೆ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ದುಡ್ಡಿನ ಲೆಕ್ಕ 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ಹದಿನಾರು ಆಣೆ. 8-12-0 ಎಂದು ಬರೆದಿದ್ದರೆ ಎಂಟು ರೂಪಾಯಿ ಹನ್ನೆರಡು ಆಣೆ. ಅದನ್ನು ದಿನಾಂಕವೆಂದು ಓದಿದವರಿದ್ದಾರೆ.

ಮನೆಯಲ್ಲೇ ಇರುವ ಮುಯ್ಯಿ ಪುಸ್ತಕವನ್ನು ಬಹಳ ಮಂದಿ ಗಮನಿಸುವುದಿಲ್ಲ. ಮದುವೆಗೆ ಯಾರು ಬಂದರು, ಯಾವ ಊರಿನವರು, ಎಷ್ಟು ಕೊಟ್ಟರು ಎಂಬ ಆ ನೋಟು ಪುಸ್ತಕ ಅಪ್ಪನ ಬಳಗದ ಪೂರ್ಣ ನಕ್ಷೆ. ಯಾರನ್ನು ಮಾತಾಡಿಸಲು ಹೋಗಬೇಕು ಎಂಬ ಪಟ್ಟಿ ಅಲ್ಲಿಂದಲೇ ಮಾಡಬಹುದು. ಉತ್ತರ ಕರ್ನಾಟಕದ ಮನೆಗಳಿಗೆ ಮನೆತನದ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರೆ ಅವರನ್ನು ಬರಿಗೈಲಿ ಕಳಿಸದೆ ಕೂರಿಸಿ ವಂಶಾವಳಿ ಹೇಳಿಸಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು ಎಂಬುದು ಕಚೇರಿಯ ಯಾವ ಕಾಗದದಲ್ಲೂ ಇರುವುದಿಲ್ಲ. ವಂಶವೃಕ್ಷ ಬರೆಯುವಾಗ ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಬರೆಯಿರಿ. ಹಳೆಯವು ಗಂಡುಮಕ್ಕಳಲ್ಲೇ ನಿಂತುಬಿಡುತ್ತವೆ. ಎಳವೆಯಲ್ಲೇ ಹೋದ ಮಕ್ಕಳ ಹೆಸರೂ ಇರಲಿ. ಅಜ್ಜಿಗೆ ಆ ಮಕ್ಕಳ ಲೆಕ್ಕ ಎಂದೂ ಮರೆತಿರುವುದಿಲ್ಲ.

ಮರಣದ ಗಂಟೆಯನ್ನೂ ಬರೆದಿಡಿ. ತಿಥಿ ನಡುಹಗಲಲ್ಲೋ ರಾತ್ರಿಯಲ್ಲೋ ಬದಲಾಗುವುದರಿಂದ ದಿನ ಮಾತ್ರ ಗೊತ್ತಿದ್ದರೆ ಮುಂದೆ ಶ್ರಾದ್ಧದ ತಿಥಿಗೆ ಅಣ್ಣತಮ್ಮಂದಿರಲ್ಲಿ ಗೊಂದಲವಾಗುತ್ತದೆ.

ಯಾವ ಕಾಗದವನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಮಡಿಕೆಯಲ್ಲಿ ಹರಿದ ನೀಲಿ ಇನ್‌ಲ್ಯಾಂಡ್ ಪತ್ರಕ್ಕೆ ಸೆಲೋಟೇಪ್ ಹಚ್ಚಬೇಡಿ, ಹಳದಿಯಾಗಿ ಅಕ್ಷರ ತಿನ್ನುತ್ತದೆ. ಚಪ್ಪಟೆ ಮಾಡಿ, ಎರಡೂ ಬದಿ ಸ್ಕ್ಯಾನ್ ಮಾಡಿ, ಪಾಲಿಪ್ರೊಪಿಲೀನ್ ಹಾಳೆಯೊಳಗಿಡಿ. ಅಂಚೆ ಮುದ್ರೆ ಬಿದ್ದ ಭಾಗವನ್ನು ಬೇರೆಯಾಗಿ ದೊಡ್ಡದು ಮಾಡಿ ಸ್ಕ್ಯಾನ್ ಮಾಡಿ. ಪತ್ರದ ಮೇಲೆ ದಿನಾಂಕ ಬರೆಯದವರಿಗೂ ಅಂಚೆಯವರು ಬರೆದುಕೊಟ್ಟಿರುತ್ತಾರೆ. ಮಲೆನಾಡು, ಕರಾವಳಿಯವರು ಈ ಕೆಲಸವನ್ನು ಜನವರಿಯಿಂದ ಏಪ್ರಿಲಿನೊಳಗೆ ಮುಗಿಸಿಕೊಳ್ಳಬೇಕು. ಮಳೆಗಾಲದಲ್ಲಿ ಬಿಚ್ಚಿದ ಕಾಗದ ತೇವ ಹೀರುತ್ತದೆ.

ಫೋಟೊ

ಪಾಸ್‌ಪೋರ್ಟ್ ಅಳತೆಯಂಥ ಸಣ್ಣ ಚಿತ್ರವನ್ನು 600 ಡಿಪಿಐಗೆ ಕಡಿಮೆಯಿಲ್ಲದೆ ಸ್ಕ್ಯಾನ್ ಮಾಡಬೇಕು. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು, ಹಾಗಾಗಿ 600ರಲ್ಲಿ ಸ್ಕ್ಯಾನ್ ಮಾಡಿದ್ದು ಪುಸ್ತಕದಲ್ಲಿ ಮೂಲದ ಎರಡರಷ್ಟು ಅಗಲ ಬರುತ್ತದೆ, ಅದಕ್ಕಿಂತ ಹಿಗ್ಗಿಸಿದರೆ ಮುಖ ಮಸುಕು. 1200 ಇಟ್ಟರೆ ನಾಲ್ಕರಷ್ಟು. ನೆಗೆಟಿವ್ ಸಿಕ್ಕರೆ ಪ್ರಿಂಟಿಗಿಂತ ಅದೇ ಮೇಲು. ಆಗ್ಫಾ ಕ್ಲಿಕ್-3 ಕ್ಯಾಮೆರಾದವು 120 ಫಿಲ್ಮಿನವು, ಆರಕ್ಕೆ ಆರು ಸೆಂಟಿಮೀಟರ್ ಚೌಕ. ಸ್ಟುಡಿಯೋದಲ್ಲಿ ಅವನ್ನು ಸ್ಕ್ಯಾನ್ ಮಾಡುವ ಯಂತ್ರ ಇದೆಯೇ ಎಂದು ಕೇಳಿ ಕೊಡಿ.

ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊ ಕೀಳಬೇಡಿ, ಮುಖದ ಪದರವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಮೇಲಿಂದಲೇ, ಕಿಟಕಿಯ ಪಕ್ಕದ ನೆರಳಲ್ಲಿ, ಫ್ಲ್ಯಾಷ್ ಇಲ್ಲದೆ, ಕಪ್ಪು ಬಟ್ಟೆಯ ಹಿಂದೆ ನಿಂತು ತೆಗೆಯಿರಿ. ಅಂಟಿನ ಗೆರೆಗಳಿರುವ ಆಲ್ಬಮ್ಮಿನಿಂದ ಬಿಡಿಸುವಾಗ ಹಲ್ಲು ತಿಕ್ಕುವ ಫ್ಲಾಸ್ ದಾರವನ್ನು ಫೋಟೊದ ಅಡಿಯಲ್ಲಿ ನಿಧಾನಕ್ಕೆ ಎಳೆದರೆ ಬರುತ್ತದೆ. ಬರದಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಮಾತ್ರ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.

ಕಾಲ ಗುರುತಿಸಲು ಸ್ಟುಡಿಯೋ ಮುದ್ರೆ ನೋಡಿ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗಿಂತ ಮುಂಚಿನದಿರಬೇಕು, ಆದರೆ ಹಳೆಯ ರಟ್ಟು, ಹಳೆಯ ಮುದ್ರೆ ಖರ್ಚಾಗುವವರೆಗೆ ಬಳಸಿರುತ್ತಾರಾದ್ದರಿಂದ ಒಂದೆರಡು ವರ್ಷ ಸಡಿಲ ಬಿಡಿ. ಯಾವ ಮಗು ಯಾರ ತೊಡೆಯ ಮೇಲಿದೆ ಎಂಬುದು ಇನ್ನೂ ಗಟ್ಟಿ ಆಧಾರ.

ಗುಂಪಿನ ಚಿತ್ರವನ್ನು ಎ4 ಹಾಳೆಗೆ ದೊಡ್ಡದಾಗಿ ಮುದ್ರಿಸಿ ತಲೆಗಳಿಗೆ ನಂಬರು ಹಾಕಿ, ಅಂಥ ನಾಲ್ಕು ಪ್ರತಿ ನಾಲ್ಕು ಹಿರಿಯರಿಗೆ ಬೇರೆ ಬೇರೆಯಾಗಿ ಕೊಡಿ. ಒಟ್ಟಿಗೆ ಕೂರಿಸಿದರೆ ಮೊದಲು ಬಾಯಿಬಿಟ್ಟವರು ಹೇಳಿದ್ದನ್ನೇ ಉಳಿದವರೂ ಒಪ್ಪಿಬಿಡುತ್ತಾರೆ. ಮೂವರ ಉತ್ತರ ಹೊಂದಿದರೆ ಬರೆಯಿರಿ.

ಮಾತಾಡಿಸುವುದು

‘ಅಪ್ಪನ ಬಗ್ಗೆ ಏನಾದರೂ ಹೇಳಿ’ ಎಂದರೆ ‘ದೇವರಂಥ ಮನುಷ್ಯ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಸಣ್ಣದನ್ನು ಕೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮುಟ್ಟುತ್ತಿದ್ದದ್ದು ಏನು? ಕಾಫಿಯೋ ಟೀಯೋ, ಲೋಟದಲ್ಲೋ ಬಸಿಯಲ್ಲೋ? ಸಂತೆಯಿಂದ ಬಂದಾಗ ಚೀಲದಲ್ಲಿ ಏನಿರುತ್ತಿತ್ತು? ಸಂಬಳ ಬಂದ ದಿನ ದುಡ್ಡು ಯಾರ ಕೈಗೆ ಕೊಡುತ್ತಿದ್ದರು? ಯಾರ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ, ಯಾಕೆ? ಕೊನೆಯ ಬಾರಿ ಸಿಟ್ಟಾದದ್ದು ಯಾರ ಮೇಲೆ? ಅವರ ಕನ್ನಡಕವೋ ಕೊಡಲಿಯೋ ಕೈಗಡಿಯಾರವೋ ಎದುರಿಗಿಟ್ಟು ಕೇಳಿದರೆ ಮಾತು ಇನ್ನೂ ಸರಾಗ. ಎಚ್‌ಎಂಟಿ ಜನತಾ ಗಡಿಯಾರಕ್ಕೆ ಅವರು ಯಾವ ಹೊತ್ತಿಗೆ ಕೀ ಕೊಡುತ್ತಿದ್ದರು ಎಂಬ ಪ್ರಶ್ನೆಯಿಂದ ಅವರ ಇಡೀ ರಾತ್ರಿಯ ದಿನಚರಿ ಬಿಚ್ಚಿಕೊಳ್ಳುತ್ತದೆ.

ಅಮ್ಮನನ್ನು, ಅಜ್ಜಿಯನ್ನು ಒಬ್ಬರೇ ಇರುವಾಗ ಮಾತಾಡಿಸಿ. ಹಿರಿಯ ಮಗನೋ ಮೈದುನನೋ ಪಕ್ಕದಲ್ಲಿ ಕೂತರೆ ಅವರು ಸುಮ್ಮನಾಗುತ್ತಾರೆ. ಸಾವಾದ ಮೊದಲ ತಿಂಗಳಲ್ಲಿ ಬೇಡ. ದುಃಖ ಮಾತಿಗೆ ಎಡೆ ಕೊಡುವುದಿಲ್ಲ. ಮೂರು ನಾಲ್ಕು ತಿಂಗಳು ಕಳೆಯಲಿ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು, ಆಮೇಲೆ ಹಿರಿಯರು ದಣಿಯುತ್ತಾರೆ, ಹೆಸರುಗಳು ಕಲಸಿಹೋಗುತ್ತವೆ. ಫ್ಯಾನು ನಿಲ್ಲಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಚಿದ ಟವೆಲಿನ ಮೇಲೆ ಅವರಿಂದ ಒಂದು ಗೇಣು ದೂರದಲ್ಲಿಡಿ. ಬರಿಯ ಟೇಬಲ್ಲಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ದಾಖಲಾಗುತ್ತದೆ. ಶುರುವಿಗೇ ದಿನಾಂಕ, ಊರು, ಮಾತಾಡುವವರ ಹೆಸರು ಹೇಳಿಬಿಡಿ. ಅವರು ಅತ್ತರೆ ಪ್ರಶ್ನೆ ಕೇಳದೆ ಸುಮ್ಮನೆ ಕೂತಿರಿ.

ಮನೆಯವರಲ್ಲದವರನ್ನು ಬಿಡಬೇಡಿ. ಜೊತೆ ಉಳುಮೆ ಮಾಡಿದವರು, ಕಚೇರಿಯ ಜವಾನರು, ಕ್ಷೌರದವರು, ಅಂಗಡಿಯ ಸಾಲದ ಪುಸ್ತಕ ಬರೆದವರು. ಮಕ್ಕಳಿಗೆ ಗೊತ್ತಿಲ್ಲದ ಅಪ್ಪ ಅವರಿಗೆ ಗೊತ್ತು.

ಬರೆಯುವುದು

ಮಕ್ಕಳು ಬರೆಯುವುದು ಅಪ್ಪನನ್ನು, ಮೊಮ್ಮಕ್ಕಳು ಬರೆಯುವುದು ಅಜ್ಜನನ್ನು. ಇವರಿಬ್ಬರೂ ಒಬ್ಬರೇ ಎಂದು ನಂಬಲು ಎಷ್ಟೋ ಸಲ ಕಷ್ಟವಾಗುತ್ತದೆ. ಲೆಕ್ಕ ತಪ್ಪಿದ್ದಕ್ಕೆ ಮಗನ ಬೆನ್ನಿಗೆ ಬಾರಿಸಿದ ಕೈಯೇ ಮೊಮ್ಮಗಳ ಜಡೆ ಹೆಣೆದಿರುತ್ತದೆ. ಎರಡನ್ನೂ ಬರೆಯಿರಿ, ಒಂದಕ್ಕೊಂದು ಹೊಂದಿಸಲು ಹೋಗಬೇಡಿ. ಅದಕ್ಕಾಗಿಯೇ ಪ್ರತಿಯೊಬ್ಬರೂ ಇನ್ನೊಬ್ಬರದನ್ನು ಓದುವ ಮೊದಲೇ ತಮ್ಮ ಎರಡು ಪುಟ ಬರೆದುಕೊಡಬೇಕು. ಬರೆಯಲಾರದ ಪುಟ್ಟ ಮೊಮ್ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಇಳಿಸಿಕೊಳ್ಳಿ.

ಗುಣವಾಚಕ ಬಂದಲ್ಲೆಲ್ಲ ನಿಲ್ಲಿಸಿ, ಅದಕ್ಕೆ ಆಧಾರವಾದ ಕ್ರಿಯೆ ಬರೆಯಿರಿ. ‘ಸಮಯಪಾಲನೆಯುಳ್ಳವರು’ ಎನ್ನುವ ಬದಲು ‘ಏಳೂವರೆಯ ಬಸ್ಸಿಗೆ ಏಳಕ್ಕೇ ನಿಲ್ದಾಣದಲ್ಲಿ ನಿಂತಿರುತ್ತಿದ್ದರು, ಕೊಡೆಯನ್ನು ಎಡಗೈಗೆ ನೇತುಹಾಕಿಕೊಂಡು.’ ಅವರು ಆಡುತ್ತಿದ್ದ ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ‘ಏನ್ಲಾ’ ಎಂದಿದ್ದರೆ ‘ಏನ್ಲಾ’, ‘ಯಾಕಲೇ’ ಎಂದಿದ್ದರೆ ‘ಯಾಕಲೇ’, ‘ಎಂತದು ಮಾರಾಯ’ ಎಂದಿದ್ದರೆ ಅದೇ. ಪುಸ್ತಕದ ಒಂದು ಅಧ್ಯಾಯ ಅವರ ಒಂದು ದಿನಕ್ಕೇ ಮೀಸಲಿರಲಿ: ಏಳುವುದರಿಂದ ಮಲಗುವವರೆಗೆ, ಯಾವ ವಯಸ್ಸಿನ ದಿನ ಎಂದು ಹೇಳಿ. ಇಡೀ ಪುಸ್ತಕದಲ್ಲಿ ಮತ್ತೆ ಮತ್ತೆ ಓದುವುದು ಅದನ್ನೇ.

ಸಾಲ, ಕುಡಿತ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಮುರಿದ ಸಂಬಂಧ, ಇವು ಬಂದಾಗ ಏನು ಮಾಡಬೇಕು? ಅಮ್ಮ ಬದುಕಿದ್ದರೆ ಅವಳ ಒಪ್ಪಿಗೆಯಿಲ್ಲದೆ ಬೇಡ. ಒಪ್ಪಿದರೆ ಎರಡು ಸಾಲಿನಲ್ಲಿ, ಯಾರನ್ನೂ ದೂರದೆ, ಇದ್ದದ್ದು ಇದ್ದಂತೆ. ಕಷ್ಟದ ಹತ್ತು ವರ್ಷವನ್ನು ಪೂರ್ತಿ ಬಿಟ್ಟರೆ ಅವರು ಅದರಿಂದ ಎದ್ದು ಬಂದದ್ದೂ ಬಿಟ್ಟುಹೋಗುತ್ತದೆ. ಕಾಯಿಲೆಯ ಕೊನೆಯ ದಿನಗಳಿಗೆ ಒಂದು ಪುಟಕ್ಕಿಂತ ಹೆಚ್ಚು ಕೊಡಬೇಡಿ. ಎಂಬತ್ತು ವರ್ಷ ಬಾಳಿದವರನ್ನು ಎಂಬತ್ತು ದಿನದ ಆಸ್ಪತ್ರೆ ನುಂಗಿಹಾಕಬಾರದು.

ಅಚ್ಚಿಗೆ ಡೆಮಿ ಅಷ್ಟ ಅಳತೆ, ಅಂದರೆ ಸುಮಾರು ಐದೂವರೆಗೆ ಎಂಟೂವರೆ ಇಂಚು, ಕೈಗೂ ಕಪಾಟಿಗೂ ಸರಿ. ಪುಟಗಳು ಹದಿನಾರರ ಫಾರಮ್ಮಿನ ಲೆಕ್ಕದಲ್ಲಿ ಹೋಗುತ್ತವೆ, ಹಾಗಾಗಿ 48 ಅಥವಾ 64 ಎಂದು ಮೊದಲೇ ನಿರ್ಧರಿಸಿ. ಅಷ್ಟಕ್ಕೆ ಸೆಂಟರ್ ಪಿನ್ ಸಾಕು, ಮೇಲೆ ಹೋದರೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್. ಒಳಪುಟ 80 ಜಿಎಸ್‌ಎಂ ಮ್ಯಾಪ್‌ಲಿಥೊ, ಚಿತ್ರಗಳಿಗೆ 130ರ ಆರ್ಟ್ ಪೇಪರ್, ರಕ್ಷಾಪುಟ 300. ಓದುವವರಲ್ಲಿ ಅರ್ಧ ಜನ ಅರವತ್ತು ದಾಟಿದವರು, ಅಕ್ಷರ 14 ಪಾಯಿಂಟಿಗೆ ಕಡಿಮೆ ಬೇಡ. ನೂರು ಪ್ರತಿಗೆ ಡಿಜಿಟಲ್ ಮುದ್ರಣ ಅಗ್ಗ, ಮುನ್ನೂರು ದಾಟಿದರೆ ಆಫ್‌ಸೆಟ್. ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವರು ನುಡಿ, ಶ್ರೀಲಿಪಿಯಂಥ ಫಾಂಟುಗಳಿಗೆ ಪರಿವರ್ತಿಸುವಾಗ ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಕೆಡುತ್ತವೆ. ಮೊದಲು ಸರಿಯಿದ್ದದ್ದು ಈಗಲೂ ಸರಿಯಿದೆ ಎಂದುಕೊಳ್ಳದೆ ಕೊನೆಯ ಪ್ರೂಫನ್ನು ಕಾಗದದ ಮೇಲೆ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮೂಲದೊಡನೆ ಹೋಲಿಸಿ. ಹೆಸರುಗಳನ್ನು ಮಾತ್ರ ಇನ್ನೊಂದು ಸುತ್ತು. ಅಳಿಯಂದಿರ ಹೆಸರು ತಪ್ಪಿದರೆ, ಸೊಸೆಯ ಹೆಸರು ಬಿಟ್ಟುಹೋದರೆ ಆ ನೋವು ಪುಸ್ತಕಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಆಧಾರ್, ಬ್ಯಾಂಕ್ ನಂಬರು ಕಾಣುವ ಯಾವ ಕಾಗದದ ಚಿತ್ರವೂ ಬೇಡ.

ಕೊನೆಗೆ ನಾಲ್ಕು ಖಾಲಿ ಪುಟ ಬಿಡಿಸಿ. ಪುಸ್ತಕ ಕೈಗೆ ಬಂದ ವಾರದಲ್ಲೇ ಫೋನು ಶುರುವಾಗುತ್ತದೆ: ಆ ಫೋಟೊದಲ್ಲಿರುವುದು ದೊಡ್ಡಮ್ಮ ಅಲ್ಲ, ಅವಳ ತಂಗಿ, ಅವರು ಮೊದಲು ಕೆಲಸಕ್ಕೆ ಸೇರಿದ್ದು ಆ ಊರಲ್ಲಿ ಅಲ್ಲ. ಒಂದು ಪ್ರತಿಯನ್ನು ಇದಕ್ಕೆಂದೇ ತೆಗೆದಿಟ್ಟು, ಬಂದ ತಿದ್ದುಪಡಿಗಳನ್ನೆಲ್ಲ ಹೇಳಿದವರ ಹೆಸರು, ದಿನಾಂಕದೊಡನೆ ಕೆಂಪು ಶಾಯಿಯಲ್ಲಿ ಬರೆಯುತ್ತ ಹೋಗಿ. ಪ್ರೆಸ್ಸಿನಿಂದ ಪಿಡಿಎಫ್ ಜೊತೆಗೆ ಪುಟ ಜೋಡಿಸಿದ ಮೂಲ ಫೈಲನ್ನೂ ಕೇಳಿ ಪಡೆದು, ಸ್ಕ್ಯಾನ್‌ಗಳು ಮತ್ತು ಧ್ವನಿಯ ಫೈಲುಗಳೊಂದಿಗೆ ಮೂರು ಮನೆಗಳಲ್ಲಿ ಒಂದೊಂದು ಹಾರ್ಡ್ ಡಿಸ್ಕಿನಲ್ಲಿಡಿ. ಆ ಕೆಂಪು ಶಾಯಿಯ ಪ್ರತಿ ತುಂಬಿದಾಗ ಎರಡನೆಯ ಮುದ್ರಣ ಮಾಡಿಸಿ.